ಸೆಪ್ಟೆಂಬರ್ ಬಂದರೆ ಹೊಟ್ಟೆನೋವು

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಜನರ ಮುಂದೆ ನಿಂತು ಮಾತಾಡುವ ಭಯದ್ದು. ತಮಾಷೆ ಏನೆಂದರೆ, ಬರೆದವರಲ್ಲಿ ಇಬ್ಬರಿಗೆ ತಾವು ಆ ವಿಷಯ ಬರೆದಿದ್ದೇವೆ ಅಂತ ಗೊತ್ತೇ ಇಲ್ಲ. ಒಬ್ಬರು ಹೊಟ್ಟೆನೋವಿನ ಬಗ್ಗೆ ಕೇಳಿದ್ದಾರೆ, ಇನ್ನೊಬ್ಬರು ಮಗನ ಜ್ವರದ ಬಗ್ಗೆ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಪಾಠ ಮಾಡಿ, ನಿವೃತ್ತಿಯಾದ ಮೇಲೆ ಆಪ್ತ ಸಮಾಲೋಚನೆ ಕಲಿತು, ಹಾಸನದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಜನರ ಮಾತು ಕೇಳುವವಳು.

ಪ್ರಶ್ನೆ: ಮೇಡಂ, ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಸೆಕ್ರೆಟರಿ. ವಯಸ್ಸು 43. ನಾಲ್ಕು ವರ್ಷದಿಂದ ಆಗಸ್ಟ್ ಕೊನೆಗೆ ಸರಿಯಾಗಿ ಹೊಟ್ಟೆ ಕೆಡುತ್ತದೆ. ಹಿಂಡಿದ ಹಾಗೆ ನೋವು. ಬೆಳಿಗ್ಗೆ ನಾಲ್ಕೈದು ಸಲ ಹೊರಗೆ ಹೋಗಬೇಕು. ಊಟ ಸೇರಲ್ಲ. ಅಕ್ಟೋಬರ್ ಹೊತ್ತಿಗೆ ತಾನಾಗೇ ಸರಿಹೋಗುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಮಾಡಿಸಿದೆ, ಏನೂ ಇಲ್ಲ ಅಂದರು. ಮಳೆಗಾಲದ ನೀರಿರಬೇಕು ಅಂತ ಕಾಯಿಸಿ ಆರಿಸಿ ಕುಡಿಯುತ್ತಿದ್ದೇನೆ. ಮನೆಯವಳು ಹರಕೆ ಕಟ್ಟಿದ್ದಾಳೆ. ಸಂಘದ ವಾರ್ಷಿಕ ಮಹಾಸಭೆಯೂ ಇದೇ ಹೊತ್ತಿಗೆ ಬರುವುದರಿಂದ ಕೆಲಸಕ್ಕೆ ತುಂಬಾ ತೊಂದರೆ. ಮೂರು ವರ್ಷದಿಂದ ವರದಿಯನ್ನು ಹಾಲು ಪರೀಕ್ಷಕನ ಕೈಲೇ ಓದಿಸುತ್ತಿದ್ದೇನೆ. ಇದು ಯಾವ ಕಾಯಿಲೆ?
– ಹೆಸರು ಬೇಡ

ಉತ್ತರ: ಸೆಕ್ರೆಟರಿಯವರೇ, ಹೊಟ್ಟೆ ಕೆಡುವುದರಿಂದ ಸಭೆಗೆ ತೊಂದರೆ ಅಂತ ಬರೆದಿದ್ದೀರಿ. ಅದನ್ನೇ ತಿರುಗಿಸಿ ಒಂದು ಸಲ ಓದಿ ನೋಡಿ.

ಪತ್ರದಲ್ಲಿ ಇವರ ಫೋನ್ ನಂಬರ್ ಇತ್ತು. ಮಾತಾಡಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇವರ ಡೈರಿಗೆ ಹಾಲು ಹಾಕುವವರು 140 ಜನ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅಷ್ಟೂ ಜನರನ್ನು ಇವರು ಮಾತಾಡಿಸುತ್ತಾರೆ. "ಏನಣ್ಣ, ಫ್ಯಾಟು ಇಷ್ಟು ಇಳಿದಿದೆ, ಹಿಂಡಿ ಕಮ್ಮಿ ಮಾಡಿದ್ಯಾ?" ಅಂತ ಕೇಳುತ್ತಾರೆ. ಬಟವಾಡೆ ತಡವಾದರೆ ಬೈಸಿಕೊಳ್ಳುತ್ತಾರೆ, ತಿರುಗಿ ಜೋರೂ ಮಾಡುತ್ತಾರೆ. ನೀರು ಬೆರೆಸಿದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಒಟ್ಟಿನಲ್ಲಿ ಮಾತಿಗೆ ಬರ ಇಲ್ಲದ ಮನುಷ್ಯ.

"ಸರಿ, ಇದೇ ಜನ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಸಾಲಾಗಿ ಕೂತಿದ್ದಾರೆ ಅಂದುಕೊಳ್ಳಿ. ನೀವು ಎದುರಿಗೆ ಒಬ್ಬರೇ ನಿಂತಿದ್ದೀರಿ. ಕೈಯಲ್ಲಿ ವರದಿ ಇದೆ" ಅಂದೆ.

ಆ ಕಡೆಯಿಂದ ಸದ್ದಿಲ್ಲ. ಫೋನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ, "ಮೇಡಂ, ಈಗ್ಲೇ ಹೊಟ್ಟೆ ಹಿಂಡ್ತಾ ಇದೆ" ಅಂದರು.

ಜನ ಅವರೇ. ವಿಷಯವೂ ಅದೇ, ಹಾಲು ಮತ್ತು ದುಡ್ಡು. ಬದಲಾಗಿದ್ದು ಕುರ್ಚಿ ಹಾಕಿದ ರೀತಿ. ಸಾಲಿನಲ್ಲಿ ಕ್ಯಾನ್ ಹಿಡಿದು ಬಂದಾಗ ಒಬ್ಬೊಬ್ಬರಾಗಿ ಎರಡೇ ಕಣ್ಣು, ಅದೂ ಮೆಷಿನ್ ಕಡೆ. ಸಭೆಯಲ್ಲಿ ಅಷ್ಟೂ ಕಣ್ಣು ನಿಮ್ಮ ಕಡೆ. ನಿಮಗಿರುವುದು ಮಾತಿನ ಭಯ ಅಲ್ಲ, ನೋಡಿಸಿಕೊಳ್ಳುವ ಭಯ.

ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನನ್ನದು ಗಂಟಲಾಗಿತ್ತು.

ಕೆಲಸಕ್ಕೆ ಸೇರಿದ್ದು ಅರಸೀಕೆರೆ ಕಡೆಯ ಒಂದು ಶಾಲೆಗೆ. ಮೊದಲ ವರ್ಷವೇ ವಾರ್ಷಿಕೋತ್ಸವದ ವಂದನಾರ್ಪಣೆ ನನ್ನ ತಲೆಗೆ ಬಿತ್ತು. ನಿಂತೆ. ಕೈಯಲ್ಲಿದ್ದ ಹಾಳೆ ನಡುಗಿ, ಆ ಪಟಪಟ ಸದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿತು. ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಶಾಮಿಯಾನದವರಿಗೆ ಎರಡು ಸಲ ವಂದನೆ ಹೇಳಿ, ಮುಖ್ಯ ಅತಿಥಿಗಳನ್ನೇ ಮರೆತು ಕೆಳಗಿಳಿದೆ. ಅಲ್ಲಿಂದ ಮುಂದೆ ಯಾವ ಕಾರ್ಯಕ್ರಮ ಇದ್ದರೂ ಎರಡು ದಿನ ಮೊದಲೇ ಗಂಟಲು ಕಟ್ಟುತ್ತಿತ್ತು. ಸೀಮೆಸುಣ್ಣದ ಪುಡಿ ಅಂದುಕೊಂಡೆ. ಉಪ್ಪುನೀರು ಮುಕ್ಕಳಿಸಿದೆ. ಮೆಣಸಿನ ಕಷಾಯ ಕುಡಿದೆ. ಹೀಗೆ 11 ವರ್ಷ. "ಪಾಪ, ಟೀಚರ್‌ಗೆ ಗಂಟಲು ಸೂಕ್ಷ್ಮ" ಅಂತ ಶಾಲೆಯಲ್ಲಿ ಹೆಸರೇ ಆಯಿತು. ರಂಗೋಲಿ, ಹಾರ, ತಾಂಬೂಲದ ತಟ್ಟೆ ಇಂಥ ಕೆಲಸ ಮಾತ್ರ ನನಗೆ ಬರುತ್ತಿತ್ತು. ನನಗೂ ಅದೇ ಬೇಕಿತ್ತು ಅನ್ನಿ.

ಹನ್ನೆರಡನೇ ವರ್ಷ ರಾಜ್ಯೋತ್ಸವಕ್ಕೆ ಯಾರೋ ರಜೆ ಹಾಕಿ, ಸ್ವಾಗತ ಭಾಷಣ ತಪ್ಪಿಸಿಕೊಳ್ಳೋಕೆ ಆಗದ ಹಾಗೆ ಅಂಟಿಕೊಂಡಿತು. ಬೆಳಿಗ್ಗೆ ಎದ್ದರೆ ಉಗುಳು ನುಂಗೋಕೂ ಆಗುತ್ತಿಲ್ಲ. ಆದರೆ ಅವತ್ತು ಹಿಡಿದ ಮಳೆ ಬಿಡಲೇ ಇಲ್ಲ. ಮೈದಾನ ಕೆಸರು ಗದ್ದೆಯಾಯಿತು. ಬಾವುಟ ಹಾರಿಸಿ, ಸಭೆ ರದ್ದು ಅಂದರು ಹೆಡ್‌ಮಾಸ್ಟರು. ಸ್ಟಾಫ್ ರೂಮಿನಲ್ಲಿ ಬಂದು ಕೂತೆವು. ಯಾರೋ ಮೆಣಸಿನಕಾಯಿ ಬಜ್ಜಿ ತರಿಸಿದ್ದರು. ಮೂರನೇ ಬಜ್ಜಿ ಕಚ್ಚುವಾಗ ಪಕ್ಕದ ಟೀಚರ್ ಕೇಳಿದರು, "ಅಲ್ಲ, ನಿಮಗೆ ಗಂಟಲು ನೋವಲ್ವಾ?"

ಬಜ್ಜಿ ಕೈಯಲ್ಲೇ ಉಳಿಯಿತು. ನೋವು ಇರಲೇ ಇಲ್ಲ.

ಕಾರ್ಯಕ್ರಮ ರದ್ದಾದರೆ ವಾಸಿಯಾಗುವ ಗಂಟಲುನೋವು ಗಂಟಲಿನದ್ದಲ್ಲ. ಸಭೆ ಮುಗಿದರೆ ವಾಸಿಯಾಗುವ ಹೊಟ್ಟೆನೋವು ಹೊಟ್ಟೆಯದ್ದಲ್ಲ. ಹಾಗಂತ ಅದು ಸುಳ್ಳು ನೋವೂ ಅಲ್ಲ, ಇದನ್ನು ನಿಮ್ಮ ಮನೆಯವರಿಗೂ ಹೇಳಿ. ಅಪಾಯ ಇದೆ ಅಂತ ಮೈಗೆ ಅನಿಸಿದ ಕೂಡಲೇ ಅಡ್ರಿನಲಿನ್ ಅನ್ನುವ ಹಾರ್ಮೋನು ಸುರಿಯುತ್ತದೆ. ಎದೆ ಡವಡವ ಅನ್ನುತ್ತದೆ. ಹೊಟ್ಟೆ ಕಡೆ ಹೋಗಬೇಕಾದ ರಕ್ತ ಕೈಕಾಲಿನ ಕಡೆ ತಿರುಗುತ್ತದೆ, ಜೀರ್ಣದ ಕೆಲಸ ಏರುಪೇರಾಗುತ್ತದೆ. ಜೊಲ್ಲು ಕಮ್ಮಿಯಾಗಿ ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಕಾಡಾನೆ ಎದುರಾದಾಗ ಓಡುವುದಕ್ಕೆ ಇದೆಲ್ಲ ಬೇಕು, ಆಲೂರು ಸಕಲೇಶಪುರದವರಿಗೆ ನಾನು ಹೇಳಬೇಕಾಗಿಲ್ಲ. ಜಮಾ ಖರ್ಚು ಓದುವುದಕ್ಕೆ ಬೇಡ. ಆದರೆ ಮೈಗೆ ಆನೆಗೂ 140 ಜೊತೆ ಕಣ್ಣಿಗೂ ಇರುವ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಿಮಗೊಬ್ಬರಿಗೇ ಹೀಗೆ ಅಂದುಕೊಳ್ಳಬೇಡಿ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಆರೋಗ್ಯವಾಗಿರುವವರನ್ನು ಕರೆದು, ತಯಾರಿಗೆ ಸ್ವಲ್ಪ ಹೊತ್ತು ಕೊಟ್ಟು, ಕೆಲವರು ಕೂತಿರುವ ಮೇಜಿನ ಮುಂದೆ 5 ನಿಮಿಷ ಮಾತಾಡಿಸುವುದು. ಆಮೇಲೆ 1022ರಿಂದ ಹದಿಮೂರು ಹದಿಮೂರಾಗಿ ಕಳೆಯುತ್ತಾ ಜೋರಾಗಿ ಹೇಳಿಸುವುದು. ಮೇಜಿನ ಆ ಕಡೆ ಕೂತವರು ನಗಬಾರದು, ತಲೆಯಾಡಿಸಬಾರದು. ಇಷ್ಟಕ್ಕೇ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತು. ಪ್ರಯೋಗಾಲಯದಲ್ಲಿ ಮನುಷ್ಯನಿಗೆ ಒತ್ತಡ ತರಿಸಬೇಕು ಅಂದರೆ ಈಗಲೂ ಈ ಪರೀಕ್ಷೆಯನ್ನೇ ಬಳಸುತ್ತಾರೆ. ಈಗ ನಿಮ್ಮ ಮಹಾಸಭೆ ನೆನಪಿಸಿಕೊಳ್ಳಿ. ಬೋನಸ್ ಎಷ್ಟು ಅಂತ ಗೊತ್ತಾಗುವ ತನಕ ನಮ್ಮ ರೈತರು ಯಾರಾದರೂ ತಲೆಯಾಡಿಸುತ್ತಾರಾ?

ಈ ಭಯಕ್ಕೆ ಗ್ಲಾಸೋಫೋಬಿಯಾ ಅಂತ ಹೆಸರಿದೆ. ಗ್ರೀಕಿನಲ್ಲಿ ಗ್ಲಾಸಾ ಅಂದರೆ ನಾಲಿಗೆ. ಹೆಸರು ಕೇಳಿದರೇ ಭಯ ಆಗುತ್ತದೆ, ಅದನ್ನು ಬಿಡಿ. ಮುಖ್ಯ ಏನೆಂದರೆ ಇದು ತನ್ನ ಹೆಸರಿನಲ್ಲಿ ಬರುವುದು ಕಡಿಮೆ. ಹೊಟ್ಟೆನೋವು, ತಲೆಸುತ್ತು, ಗಂಟಲು ಅಂತ ಬರುತ್ತದೆ. "ಕೆಲಸ ಜಾಸ್ತಿ", "ನಂಗೆ ಪ್ರಚಾರ ಇಷ್ಟ ಇಲ್ಲ", "ಹಿರಿಯರು ಮಾತಾಡಲಿ ಬಿಡಿ" ಅಂತಲೂ ಬರುತ್ತದೆ. ಯಾವುದೇ ಸಮಾರಂಭದಲ್ಲಿ ಊಟದ ಉಸ್ತುವಾರಿಗೆ ತಾನೇ ಮುಂದೆ ಬೀಳುವವರನ್ನು ಗಮನಿಸಿ. ಎಲ್ಲರೂ ಅಂತಲ್ಲ. ಆದರೆ ವೇದಿಕೆಗೆ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಸಾಂಬಾರಿನ ಉಪ್ಪು ನೋಡೋಕೆ ಹೋಗುವವರು ಕೆಲವರಿರುತ್ತಾರೆ. ಅವರಿಗೆ ಉಪ್ಪಿನ ಚಿಂತೆ ಇರುವುದಿಲ್ಲ.

ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಹೊಟ್ಟೆ ಕೆಟ್ಟ ದಿನಕ್ಕೆಲ್ಲ ಗುರುತು ಹಾಕಿ. ನೋಟಿಸ್ ಅಚ್ಚಾದ ದಿನ, ಲೆಕ್ಕಪರಿಶೋಧನೆ ವರದಿ ಬಂದ ದಿನ, ಸಭೆಯ ದಿನ ಯಾವುದು ಅಂತ ಪಕ್ಕದಲ್ಲಿ ಬರೆಯಿರಿ. ಎಲ್ಲಿಂದ ಶುರು, ಯಾವಾಗ ಇಳಿಯಿತು ಅನ್ನುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಸಭೆಗೂ ನೋವಿಗೂ ಸಂಬಂಧವೇ ಇಲ್ಲದ ಹಾಗೆ ಗುರುತು ಬಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನನ್ನ ಮಾತು ಬಿಟ್ಟು ಮತ್ತೆ ಹೊಟ್ಟೆಯ ಡಾಕ್ಟರ ಹತ್ತಿರವೇ ಹೋಗಿ.

ಮತ್ತೆ, ಹಾಲು ಪರೀಕ್ಷಕನ ಕೈಲಿ ಓದಿಸುವುದನ್ನು ನಿಲ್ಲಿಸಬೇಕು. ಬೇಜಾರಾಗಬೇಡಿ. ಅವನ ಕೈಗೆ ವರದಿ ಕೊಟ್ಟ ಗಳಿಗೆಯಲ್ಲಿ ನಿಮಗೆ ಹಾಯೆನಿಸುತ್ತದಲ್ಲ, ಆ ಹಾಯಿಯೇ ಭಯಕ್ಕೆ ಹಾಕುವ ಹಿಂಡಿ. ಮುಂದಿನ ವರ್ಷಕ್ಕೆ ಅದು ಇನ್ನೂ ಕೊಬ್ಬಿರುತ್ತದೆ. ಆದರೆ ಒಂದೇ ಸಲ ಪೂರ್ತಿ ವರದಿಗೆ ನಿಲ್ಲಬೇಡಿ. ನಾಳೆ ಸಂಜೆ ಸಾಲಿನಲ್ಲಿ ನಿಂತಿರುವ ಐದಾರು ಜನರಿಗೆ, ಕುರ್ಚಿಯಿಂದ ಎದ್ದು ನಿಂತು, ಬಟವಾಡೆ ಯಾವತ್ತು ಅಂತ ಒಂದು ವಾಕ್ಯ ಹೇಳಿ. ಅಷ್ಟೇ. ವಾರ ಬಿಟ್ಟು ಹತ್ತು ಜನಕ್ಕೆ ಎರಡು ವಾಕ್ಯ. ಆಡಳಿತ ಮಂಡಳಿ ಸಭೆಯಲ್ಲಿ ಒಂದು ಪುಟ ನಿಂತು ಓದಿ. ಮಹಾಸಭೆಯಲ್ಲಿ ಈ ವರ್ಷ ಮೊದಲ ಪುಟ ನಿಮ್ಮದು, ಉಳಿದದ್ದು ಅವನದು. ಹಾಳೆಯನ್ನು ಕೈಯಲ್ಲಿ ಹಿಡಿಯಬೇಡಿ, ಮಕ್ಕಳ ಪರೀಕ್ಷೆ ಪ್ಯಾಡಿಗೆ ಸಿಕ್ಕಿಸಿ. ರಟ್ಟು ಪಟಪಟ ಅನ್ನುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ನಾನು ಮಾನ ಕಳೆದುಕೊಂಡು ಕಲಿತದ್ದು. ಮೊದಲ ಒಂದೆರಡು ನಿಮಿಷ ಎದೆ ಬಡಿತ ಜೋರಾಗಿರುತ್ತದೆ, ಆಮೇಲೆ ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ಇಳಿಯುವ ತನಕ ನೀವು ಅಲ್ಲಿ ನಿಂತಿರಬೇಕು. ನೀವು ಮೂರು ವರ್ಷದಿಂದ ಅಷ್ಟು ಹೊತ್ತು ನಿಂತೇ ಇಲ್ಲ.

ಇಷ್ಟಾದರೂ ತಡೆಯಲಾಗದಿದ್ದರೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಅಲ್ಲಿಗೆ ಹೋಗುವುದನ್ನು ಯಾರಾದರೂ ನೋಡಿದರೆ ಅನ್ನುವ ಅಳುಕಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹರಕೆ ತೀರಿಸುವುದನ್ನು ತೀರಿಸಿ, ಅದಕ್ಕೇನು.

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಈಗ ಹಾಸನದಲ್ಲಿ ಇಂಜಿನಿಯರಿಂಗ್, ಆರನೇ ಸೆಮಿಸ್ಟರ್. ಸೆಮಿನಾರ್ ಕೊಡಲು ನಿಂತರೆ ತಲೆ ಖಾಲಿ. ಗೊತ್ತಿರುವುದೂ ಬರಲ್ಲ. ನನಗೆ ಇಂಗ್ಲಿಷ್ ಪ್ರಾಬ್ಲಂ ಅಂತ ಎಲ್ಲರೂ ಹೇಳುತ್ತಾರೆ. ಎರಡು ಸಲ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಈಗ ಗೆಳತಿಯರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ. ಸೆಮಿನಾರಿನಲ್ಲಿ ಮಾತ್ರ ಅದೇ ಕಥೆ. ಇನ್ನೊಂದು ಕೋರ್ಸ್ ಮಾಡಲಾ ಟೀಚರ್?

ಉತ್ತರ: ಬೇಡಮ್ಮ. ಆ ದುಡ್ಡು ಉಳಿಸು. (ನನ್ನ ವಿದ್ಯಾರ್ಥಿನಿಯರ ವಯಸ್ಸು ನಿನ್ನದು, ಏಕವಚನದಲ್ಲಿ ಕರೆಯುತ್ತೇನೆ.)

ಇದು ಭಾಷೆಯೋ ಭಯವೋ ಅಂತ ತಿಳಿಯೋಕೆ ಎರಡು ಪರೀಕ್ಷೆ. ಅದೇ ಸೆಮಿನಾರನ್ನು ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ, ಬಾಗಿಲು ಹಾಕಿಕೊಂಡು, ಇಂಗ್ಲಿಷಿನಲ್ಲೇ ಹೇಳು. ಸರಾಗ ಬಂದರೆ ಭಾಷೆ ಇದೆ ಅಂತ ಅರ್ಥ. ಎರಡನೆಯದು, ತರಗತಿಯ ಮುಂದೆ ನಿಂತು ಕನ್ನಡದಲ್ಲಿ ಐದು ನಿಮಿಷ ಮಾತಾಡು. ಆಗಲೂ ತಲೆ ಖಾಲಿಯಾದರೆ, ಪಾಪದ ಇಂಗ್ಲಿಷನ್ನು ಸುಮ್ನೆ ಬೈದಿದ್ದೇವೆ. ನೀನು ಬರೆದದ್ದು ನೋಡಿದರೆ ಮೊದಲನೆಯದು ಆಗಲೇ ಪಾಸಾಗಿದ್ದೀಯ.

ಗಾಂಧೀಜಿ ಹೆಸರು ಹೇಳಿದರೆ "ಮತ್ತೆ ಗಾಂಧೀನಾ" ಅನ್ನುತ್ತೀಯ. ಆದರೂ ಹೇಳುತ್ತೇನೆ, ಯಾಕೆಂದರೆ ಇದು ನಿನ್ನದೇ ಪ್ರಶ್ನೆ. ಇಂಗ್ಲೆಂಡಿನ ವೆಂಟ್ನರ್ ಅನ್ನುವ ಊರಿನಲ್ಲಿ ಸಸ್ಯಾಹಾರಿಗಳ ಒಂದು ಸಭೆಯಲ್ಲಿ ಅವರು ಬರೆದುಕೊಂಡು ಹೋದ ಭಾಷಣ ಒಂದು ದೊಡ್ಡ ಹಾಳೆಯನ್ನೂ ಮೀರಿರಲಿಲ್ಲ. ಓದಲು ನಿಂತರು, ಕಣ್ಣು ಮಂಜಾಯಿತು, ನಡುಕ ಬಂತು. ಜೊತೆಗಿದ್ದವರು ಓದಿದರು. ಅಲ್ಲಿ ಇಂಗ್ಲಿಷ್ ಇತ್ತಲ್ಲ ಅನ್ನಬಹುದು. ಊರಿಗೆ ಬಂದು ಬಾಂಬೆಯ ಸಣ್ಣ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗಲೂ ತಲೆ ಸುತ್ತಿ ಒಂದು ಪ್ರಶ್ನೆ ಹೊರಡಲಿಲ್ಲ. ಬೇರೆ ವಕೀಲರನ್ನು ಹಿಡಿಯಿರಿ, ಫೀಸು ವಾಪಸ್ ತಗೊಳ್ಳಿ ಅಂದುಬಿಟ್ಟರು. ಫೀಸು 30 ರೂಪಾಯಿ. ಊರು ಬದಲಾಯಿತು, ನಡುಕ ಬದಲಾಗಲಿಲ್ಲ. ಅದೇ ಮನುಷ್ಯ 1927ರಲ್ಲಿ ನಮ್ಮ ಹಾಸನಕ್ಕೆ ಬಂದು ಜನರ ಮುಂದೆ ಮಾತಾಡಿದರು.

ನಿನಗೆ ಇನ್ನೊಂದು ವಿಷಯ ಗೊತ್ತಿರಬೇಕು. ನಿನ್ನ ನಡುಕ ಎಲ್ಲರಿಗೂ ಕಾಣುತ್ತಿದೆ ಅಂತ ನಿನಗೆ ಅನಿಸುತ್ತದೆ, ಅಲ್ವಾ? 2003ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಇದನ್ನೇ ಅಳೆದು ನೋಡಿದರು. ಮಾತಾಡಿದವರು ತಾವು ಎಷ್ಟು ಹೆದರಿದಂತೆ ಕಂಡೆವು ಅಂದುಕೊಂಡರೋ, ಕೇಳಿದವರ ಕಣ್ಣಿಗೆ ಅಷ್ಟು ಹೆದರಿದಂತೆ ಕಂಡಿರಲಿಲ್ಲ. ಈ ಮಾತನ್ನು ಮೊದಲೇ ತಿಳಿಸಿ ಮಾತಾಡಿಸಿದಾಗ ಭಾಷಣವೇ ಚೆನ್ನಾಗಿ ಬಂತು. ನಂಬಿಕೆ ಬರದಿದ್ದರೆ ಮುಂದಿನ ಸೆಮಿನಾರನ್ನು ಗೆಳತಿಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸು. ಒಳಗೆ ಭೂಕಂಪ ಆಗಿರುತ್ತದೆ, ವಿಡಿಯೋದಲ್ಲಿ ಒಂದು ಹುಡುಗಿ ಸ್ವಲ್ಪ ಬೇಗ ಬೇಗ ಮಾತಾಡುತ್ತಿರುತ್ತಾಳೆ. ಅಷ್ಟೇ ಕಾಣುವುದು.

ಬಾಯಿಪಾಠ ಮಾಡಬೇಡ. ಬಾಯಿಪಾಠದಲ್ಲಿ ಒಂದು ಪದ ಜಾರಿದರೆ ಇಡೀ ಸರ ಹರಿಯುತ್ತದೆ. ಮೊದಲ ಎರಡು ವಾಕ್ಯ ಮಾತ್ರ ಗಟ್ಟಿ ಇರಲಿ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ. ಮಗನಿಗೆ ಒಂಬತ್ತು ವರ್ಷ. ಮನೆಯಲ್ಲಿ ಪಟಪಟ ಮಾತಾಡುತ್ತಾನೆ. ಹೋದ ವರ್ಷ ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವಾಗ ಮಧ್ಯದಲ್ಲಿ ನಿಂತುಬಿಟ್ಟ. ನಾನು ಹಿಂದೆ ನಿಂತು ತುಟಿ ಆಡಿಸಿ ಎಷ್ಟು ತೋರಿಸಿದರೂ ಹೇಳಲಿಲ್ಲ, ಅತ್ತುಬಿಟ್ಟ. ಈ ವರ್ಷ ಅಭ್ಯಾಸ ಶುರುವಾದಾಗಿನಿಂದ ಪದೇ ಪದೇ ಮೈ ಬಿಸಿ ಅನ್ನುತ್ತಾನೆ. ಥರ್ಮಾಮೀಟರ್ ಇಟ್ಟರೆ ಜ್ವರ ಇರಲ್ಲ. ಸುಳ್ಳು ಕಲಿಯುತ್ತಿದ್ದಾನಾ ಅಂತ ಚಿಂತೆ.

ಉತ್ತರ: ಸುಳ್ಳಲ್ಲ. ಹೆದರಿದ ಮಗುವಿಗೆ ಮೈ ಬಿಸಿ ಅನಿಸಿದರೆ ಅದು ನಿಜವಾಗಿಯೂ ಅನಿಸಿರುತ್ತದೆ. ನಮಗೇ ನಲವತ್ತರಲ್ಲಿ ಭಯ ಅಂತ ಹೆಸರಿಡೋಕೆ ಬರಲ್ಲ, ಅವನಿಗೆ ಒಂಬತ್ತು. "ಜ್ವರ ಬಂದಿದೆ" ಅನ್ನುವುದು ಅವನಿಗೆ ಗೊತ್ತಿರುವ ಪದ. "ಅಷ್ಟು ಜನ ನೋಡ್ತಾರೆ ಅಂತ ಭಯ ಆಗುತ್ತಾ ಪುಟ್ಟ?" ಅಂತ ನೀವೇ ಆ ಇನ್ನೊಂದು ಪದ ಕೊಟ್ಟು ನೋಡಿ.

ಇನ್ನು ತುಟಿ ಆಡಿಸುವ ವಿಷಯ. ಅಮ್ಮಾ, ಅವತ್ತು ಅವನು ಹೆದರಿದ್ದು ಸಭೆಗೋ ನಿಮಗೋ? ನನ್ನ ಸರ್ವಿಸಿನಲ್ಲಿ ಎಷ್ಟೋ ಮಕ್ಕಳು ಕಥೆ ಹೇಳುತ್ತಾ ತೀರ್ಪುಗಾರರ ಕಡೆ ನೋಡದೆ ಅಮ್ಮನ ತುಟಿ ಕಡೆ ನೋಡುತ್ತಿದ್ದುದನ್ನು ಕಂಡಿದ್ದೇನೆ. ಈ ವರ್ಷ ನೀವು ಹೊರಗಿರಿ. ಸ್ಪರ್ಧೆಯೇ ಬೇಡ ಅಂದರೆ ಬೇಡ ಅನ್ನಿ, ಆದರೆ ಮಾತು ಪೂರ್ತಿ ಬಿಡಿಸಬೇಡಿ. ರಾತ್ರಿ ಊಟ ಆದ ಮೇಲೆ ಅಜ್ಜಿಗೆ, ಪಕ್ಕದ ಮನೆ ಮಕ್ಕಳಿಗೆ ಅದೇ ಕಥೆ ಹೇಳಲಿ.

ಒಂದನ್ನು ಮಾತ್ರ ಅವನ ಮೇಷ್ಟ್ರ ಹತ್ತಿರ ವಿಚಾರಿಸಿ. ಶಾಲೆಯಲ್ಲಿ ಬೇರೆ ದಿನ ಮಾತಾಡುತ್ತಾನಾ? ಮನೆಯಲ್ಲಿ ಪಟಪಟ ಅನ್ನುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಯಾರ ಜೊತೆಗೂ ಬಾಯಿಯೇ ಬಿಡುತ್ತಿಲ್ಲ ಅಂದರೆ ಅದು ಬೇರೆ ತೊಂದರೆ. ಆಗ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಮಾರ್ಕೆಟಿಂಗ್ ಕೆಲಸ. ತಿಂಗಳ ಮೀಟಿಂಗಿನಲ್ಲಿ ಮಾತಾಡುವಾಗ ಕೈ ನಡುಗುತ್ತದೆ. ನನಗೆ ಭಯ ಅಂತ ನನಗೇ ಗೊತ್ತು. ಗೆಳೆಯ ಅವರಪ್ಪನ ಬಿಪಿ ಮಾತ್ರೆಯ ಒಂದು ಪಟ್ಟಿ ಕೊಟ್ಟು, ಅರ್ಧ ಗಂಟೆ ಮೊದಲು ನುಂಗು ಅಂದ. ಹೆಸರು ಪ್ರೊಪ್ರನೊಲಾಲ್. ನುಂಗಬಹುದಾ?

ಉತ್ತರ: ಭಯ ಅಂತ ಗೊತ್ತು ಅಂದಿರಲ್ಲ, ಈ ಪುಟದಲ್ಲಿ ಅರ್ಧ ದಾರಿ ದಾಟಿದವರು ನೀವೊಬ್ಬರೇ.

ಅದು 1960ರ ದಶಕದಲ್ಲಿ ಹೃದಯದ ತೊಂದರೆಗೆ ಅಂತ ಬಂದ ಔಷಧಿ. ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಡ್ರಿನಲಿನ್ ಹೃದಯದ ಮೇಲೂ ಕೈಕಾಲಿನ ಸ್ನಾಯುಗಳ ಮೇಲೂ ಮಾಡುವ ಕೆಲಸವನ್ನು ತಡೆಯುತ್ತದೆ, ಹಾಗಾಗಿ ಬಡಿತ ಇಳಿದು ಕೈ ನಡುಕ ಕಮ್ಮಿಯಾಗುತ್ತದೆ. ವೇದಿಕೆಯ ಭಯಕ್ಕೆ ಡಾಕ್ಟರುಗಳು ಕೆಲವರಿಗೆ ಇದನ್ನು ಬರೆದುಕೊಡುವುದೂ ಉಂಟು. ಗೆಳೆಯ ಹೇಳಿದ್ದು ಪೂರ್ತಿ ತಪ್ಪಲ್ಲ.

ಆದರೆ ನಿಮಗೆ ಅಸ್ತಮಾ ಇದೆಯಾ ಅಂತ ಅವನು ಕೇಳಿದನಾ? ಉಬ್ಬಸ ಇರುವವರಿಗೆ ಇದು ಅಪಾಯ. ನಾಡಿ ಬಡಿತ ಮೊದಲೇ ನಿಧಾನ ಇರುವವರಿಗೂ ಆಗದು. ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುವವರಿಗೆ ಸಕ್ಕರೆ ತೀರಾ ಇಳಿದರೂ ಎದೆ ಬಡಿತದಿಂದ ಗೊತ್ತಾಗದ ಹಾಗೆ ಇದು ಮುಚ್ಚಿಹಾಕಬಹುದು. ಡಾಕ್ಟರ್ ಹತ್ತಿರ ಒಂದು ಸಲ ಹೋಗಿ, ಇದೇ ಕಾರಣಕ್ಕೆ ಅಂತ ನಾಚಿಕೆ ಬಿಟ್ಟು ಹೇಳಿ. ಅವರು ಬರೆದುಕೊಟ್ಟರೂ ಮೊದಲ ಮಾತ್ರೆ ಮೀಟಿಂಗಿನ ದಿನ ಬೇಡ. ರಜೆಯ ದಿನ, ಮನೆಯಲ್ಲಿ, ಯಾರಾದರೂ ಜೊತೆಯಲ್ಲಿದ್ದಾಗ ನುಂಗಿ ಮೈಗೆ ಒಗ್ಗುತ್ತದಾ ನೋಡಿಕೊಳ್ಳಬೇಕು, ಅದನ್ನೂ ಅವರನ್ನೇ ಕೇಳಿ.

ಗೆಳೆಯ ಕೊಟ್ಟ ಪಟ್ಟಿಯನ್ನು ಇವತ್ತೇ ವಾಪಸ್ ಕೊಡಿ. ಅವರಪ್ಪನ ಮಾತ್ರೆ ಲೆಕ್ಕ ತಪ್ಪಿರುತ್ತದೆ.